ಸೊಪ್ರಾನೋ ಟ್ರಾಂಬೋನ್‌ಗೆ ಸಂಗೀತ ಎಲ್ಲಿ ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೊಪ್ರಾನೋ ಟ್ರಾಂಬೋನ್ ಕೈಗೆ ಬಂದವರು ಮೊದಲು ಕೇಳುವುದು ‘ಇದನ್ನು ಊದುವುದು ಹೇಗೆ’ ಎಂದು. ಒಂದೆರಡು ತಿಂಗಳಲ್ಲಿ ಆ ಪ್ರಶ್ನೆ ಹಿಂದೆ ಸರಿದು ‘ಇದರಲ್ಲಿ ಏನು ನುಡಿಸುವುದು’ ಎಂಬುದು ಮುಂದೆ ಬರುತ್ತದೆ. ಅಂಗಡಿಯಲ್ಲಿ ಇದರ ಹೆಸರಿನ ಪುಸ್ತಕ ಸಿಗುವುದಿಲ್ಲ, ಮೇಷ್ಟ್ರುಗಳಿಗೂ ಹೇಳಲು ತೋಚುವುದಿಲ್ಲ. ನಾಲ್ಕು ಶತಮಾನಗಳ ಒಳ್ಳೆಯ ಸಂಗೀತ ಮಾತ್ರ ಈ ಪುಟ್ಟ ವಾದ್ಯಕ್ಕಾಗಿ ಕಾದು ಕುಳಿತಿದೆ. ಅದನ್ನು ಹುಡುಕುವ ದಾರಿ ಈ ಪ್ರಶ್ನೋತ್ತರಗಳಲ್ಲಿದೆ.

ಇದು ಯಾವ ವಾದ್ಯ? ಎಷ್ಟು ಚಿಕ್ಕದು?

ಬ್ಯಾಂಡ್‌ಗಳಲ್ಲಿ ನಾವು ನೋಡುವ ಟ್ರಾಂಬೋನ್ ಟೆನರ್ ಟ್ರಾಂಬೋನ್. ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ, ಅಂದರೆ ಬಿ-ಫ್ಲಾಟ್ ಟ್ರಂಪೆಟ್‌ನ ಎತ್ತರದಲ್ಲೇ ನುಡಿಯುವುದು ಸೊಪ್ರಾನೋ ಟ್ರಾಂಬೋನ್. ಸ್ಲೈಡ್, ಅಂದರೆ ಸ್ವರ ಬದಲಿಸಲು ಹಿಂದೆ ಮುಂದೆ ಎಳೆಯುವ ಭಾಗ, ಒಳಗಿದ್ದಾಗ ಕೊಳವೆಯ ಉದ್ದ ಹೆಚ್ಚುಕಡಿಮೆ ಒಂದೂವರೆ ಮೀಟರ್. ಸ್ಲೈಡ್ ನಿಲ್ಲಿಸುವ ಏಳು ಜಾಗಗಳಿಗೆ ಪೊಸಿಷನ್ ಎನ್ನುತ್ತಾರೆ. ಸ್ಲೈಡನ್ನು ಪೂರ್ತಿ ಏಳನೇ ಪೊಸಿಷನ್‌ವರೆಗೆ ಎಳೆದರೂ ಕೈ ಚಲಿಸುವುದು ಸುಮಾರು 30 ಸೆಂಟಿಮೀಟರ್, ಶಾಲೆಯ ಅಡಿಪಟ್ಟಿಯಷ್ಟು ಮಾತ್ರ. ಮೌತ್‌ಪೀಸ್ ಟ್ರಂಪೆಟ್‌ನದು. ಅದಕ್ಕೇ ಇದನ್ನು ಟ್ರಾಂಬೋನ್‌ನವರಿಗಿಂತ ಟ್ರಂಪೆಟ್‌ನವರೇ ಹೆಚ್ಚಾಗಿ ನುಡಿಸುತ್ತಾರೆ.

ಉಳಿದುಕೊಂಡಿರುವ ಅತ್ಯಂತ ಹಳೆಯ ಸೊಪ್ರಾನೋ ಟ್ರಾಂಬೋನ್ 1677ರದ್ದು. ವಾದ್ಯ ಹೊಸದಲ್ಲ, ಬಳಕೆಯಲ್ಲಿ ಅಪರೂಪ ಅಷ್ಟೆ.

ಸ್ಲೈಡ್ ಟ್ರಂಪೆಟ್ ಅಂತ ಮಾರುತ್ತಾರಲ್ಲ, ಅದೂ ಇದೂ ಒಂದೇನಾ?

ಇವತ್ತು ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಇದೇ ವಾದ್ಯ. ಸಂಗೀತ ಹುಡುಕುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಚರಿತ್ರೆಯಲ್ಲಿ ಆ ಹೆಸರು ಹೊತ್ತ ಬೇರೆ ವಾದ್ಯಗಳೂ ಇವೆ. ಜರ್ಮನ್ ಸಂಗೀತ ರಚನಕಾರ ಬಾಖ್‌ನ 5, 20 ಮತ್ತು 77ನೇ ಕಂಟಾಟಾಗಳಲ್ಲಿ (ಗಾಯಕರು, ವಾದ್ಯಗಳು ಸೇರಿ ಚರ್ಚಿನಲ್ಲಿ ನಡೆಸುತ್ತಿದ್ದ ಕೃತಿಗಳು) ‘ಟ್ರೋಂಬಾ ಡಾ ತಿರಾರ್ಸಿ’ ಎಂದು ಬರುವುದು ಒಂಟಿ ಕೊಳವೆಯ ಸ್ಲೈಡ್ ಇದ್ದ ಟ್ರಂಪೆಟ್. ಅದರಲ್ಲಿ ಮೌತ್‌ಪೀಸನ್ನು ತುಟಿಗೆ ಹಿಡಿದುಕೊಂಡೇ ಇಡೀ ವಾದ್ಯವನ್ನು ಹಿಂದೆ ಮುಂದೆ ಜಾರಿಸಬೇಕಿತ್ತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಸ್ಲೈಡ್ ಟ್ರಂಪೆಟ್‌ನ ಸ್ಲೈಡ್ ಗಿಡ್ಡ, ವಾದಕನ ಮುಖದ ಕಡೆಗೆ ಎಳೆಯುವಂಥದ್ದು. ಇವಕ್ಕೆ ಬರೆದ ಪಾರ್ಟ್‌ಗಳಲ್ಲಿ ಕೆಲವು ನಮ್ಮ ವಾದ್ಯಕ್ಕೂ ಒಗ್ಗುತ್ತವೆ, ಆದರೆ ಹೆಸರು ಹೊಂದಿತು ಎಂದ ಮಾತ್ರಕ್ಕೆ ಒಗ್ಗುತ್ತವೆ ಎಂದುಕೊಳ್ಳಬೇಡಿ.

ಸೊಪ್ರಾನೋ ಟ್ರಾಂಬೋನ್‌ಗೆಂದೇ ಬರೆದ ಸಂಗೀತ ಇದೆಯಾ?

ಇದೆ, ಬಹಳ ಕಡಿಮೆ. ಎಲ್ಲರೂ ಮೊದಲು ಹೇಳುವುದು ಬಾಖ್‌ನ ಮೂರು ಕಂಟಾಟಾಗಳನ್ನು: 2, 21 ಮತ್ತು 38. ಇವುಗಳಲ್ಲಿ ನಾಲ್ಕು ಟ್ರಾಂಬೋನ್‌ಗಳು ನಾಲ್ಕು ಗಾಯನ ಧ್ವನಿಗಳ ಜೊತೆಜೊತೆಗೇ ಸಾಗುತ್ತವೆ, ಎಲ್ಲಕ್ಕಿಂತ ಮೇಲಿನದು ಸೊಪ್ರಾನೋ ಗಾಯಕರ ಜೊತೆ. ಸ್ವತಂತ್ರ ಪಾರ್ಟ್ ಅಲ್ಲ, ಸೋಲೋ ಅಂತೂ ಅಲ್ಲ. ಆದರೂ ಇದನ್ನು ಹಗುರವಾಗಿ ನೋಡಬಾರದು.

38ನೆಯದರ ಮೊದಲ ಕೋರಸ್ ತೆಗೆದುಕೊಳ್ಳಿ. 1724ರ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಹಾಡಿದ್ದು. ಕೆಳಗಿನ ಮೂರು ಧ್ವನಿಗಳು ಹೆಣೆದುಕೊಳ್ಳುತ್ತಿರುವಾಗ ಲೂಥರನ ಕಾಲದ ಆ ಹಳೆಯ ಪ್ರಾರ್ಥನಾ ರಾಗ ಸೊಪ್ರಾನೋದಲ್ಲಿ ದೀರ್ಘ ಸ್ವರಗಳಾಗಿ ಬರುತ್ತದೆ. ಮೊದಲ ನಾಲ್ಕು ಸ್ವರ ಬಿ, ಇ, ಬಿ, ಸಿ. ನಮ್ಮ ಸ್ಲೈಡ್‌ನಲ್ಲಿ ಅವು ನಾಲ್ಕು, ಎರಡು, ನಾಲ್ಕು, ಮೂರನೇ ಪೊಸಿಷನ್‌ಗಳು. ಕೈ ಒಂದು ಗೇಣಿನ ಒಳಗೇ ಇರುತ್ತದೆ. ಓಡುವ ಗಡಿಬಿಡಿಯಿಲ್ಲ, ತಾರಸ್ಥಾಯಿಯ ಕಷ್ಟವಿಲ್ಲ. ಉಸಿರು ತುಂಬಿಕೊಂಡು ಒಂದೊಂದು ಸ್ವರವನ್ನೂ ಅದರ ಪೂರ್ತಿ ಕಾಲ ನಿಲ್ಲಿಸಬೇಕು, ಅಷ್ಟೇ ಕೆಲಸ. ಈ ವಾದ್ಯದ ನಾದ ಏಕೆ ಬೇಕಾಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. 2ನೇ ಕಂಟಾಟಾದಲ್ಲಿ ಪ್ರಾರ್ಥನಾ ರಾಗ ಆಲ್ಟೋ ಪಾಲಾಗಿದೆ, ಸೊಪ್ರಾನೋಗೆ ಹೆಣಿಗೆಯ ಕೆಲಸ. ಅದನ್ನು ಆಮೇಲೆ ನೋಡಿ.

ಒಂದು ಸೂಚನೆ: ಉಚಿತವಾಗಿ ಸಿಗುವ ಹತ್ತೊಂಬತ್ತನೇ ಶತಮಾನದ ಬಾಖ್ ಸಂಪುಟಗಳಲ್ಲಿ ಸೊಪ್ರಾನೋ ಗಾಯನದ ಸಾಲು ಟ್ರೆಬಲ್ ಕ್ಲೆಫ್‌ನಲ್ಲಿರದೆ ಸಿ-ಕ್ಲೆಫ್‌ನಲ್ಲಿದೆ. ಕ್ಲೆಫ್ ಅಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಚಿಹ್ನೆ. ಐದು ಗೆರೆಗಳಲ್ಲಿ ತೀರಾ ಕೆಳಗಿನ ಗೆರೆಯೇ ಮಧ್ಯ ಸಿ. ಇದು ತಿಳಿಯದೆ ಓದಿದರೆ ಎಲ್ಲವೂ ಎರಡು ಸ್ವರ ತಪ್ಪುತ್ತದೆ.

ಮೊರೇವಿಯನ್ ಚರ್ಚಿನವರ ಹೆಸರು ಈ ವಾದ್ಯದ ಜೊತೆ ಯಾಕೆ ಬರುತ್ತದೆ?

ಸೊಪ್ರಾನೋ ಟ್ರಾಂಬೋನನ್ನು ಬಿಡದೆ ಉಳಿಸಿಕೊಂಡು ಬಂದವರು ಅವರೇ. ಜರ್ಮನಿಯ ಹೆರ್ನ್‌ಹುಟ್‌ನಿಂದ ಹೊರಟು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1741ರಲ್ಲಿ ಬೆತ್ಲೆಹೆಮ್ ಊರನ್ನು ಕಟ್ಟಿದ ಈ ಸಮುದಾಯಕ್ಕೆ 1754ರಲ್ಲಿ ಟ್ರಾಂಬೋನ್‌ಗಳು ಬಂದವು. ಸೊಪ್ರಾನೋ, ಆಲ್ಟೋ, ಟೆನರ್, ಬಾಸ್ ಸೇರಿ ಒಂದು ಪೂರ್ಣ ಗಾಯನ ಗುಂಪಿನ ಹಾಗೆ ಅವರು ಟ್ರಾಂಬೋನ್ ಮೇಳ ಕಟ್ಟಿದರು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಈ ಮೇಳ ಪ್ರಾರ್ಥನಾ ರಾಗಗಳನ್ನು ನುಡಿಸಿ ತಿಳಿಸುತ್ತಿತ್ತು. ತೀರಿಕೊಂಡವರು ವಿವಾಹಿತರೋ, ಅವಿವಾಹಿತರೋ, ಮಕ್ಕಳೋ ಎಂಬುದು ಆಯ್ದ ರಾಗದಿಂದಲೇ ಊರಿಗೆ ಗೊತ್ತಾಗುತ್ತಿತ್ತು. ಈಸ್ಟರ್ ಹಬ್ಬದ ನಸುಕಿನಲ್ಲೂ ಮೇಳದ್ದೇ ನಾದ. ಬೆತ್ಲೆಹೆಮ್‌ನ ಆ ಪರಂಪರೆ ಇಂದಿಗೂ ಇದೆ.

ನಮಗೆ ಇದರಿಂದ ಆಗುವ ಪ್ರಯೋಜನ: ಮೊರೇವಿಯನ್ ಪ್ರಾರ್ಥನಾ ಪುಸ್ತಕಗಳ ನಾಲ್ಕು ಧ್ವನಿಯ ಕೋರಾಲ್‌ಗಳೆಲ್ಲ, ಅಂದರೆ ಪ್ರಾರ್ಥನಾ ಗೀತೆಗಳೆಲ್ಲ, ಈ ವಾದ್ಯದ ಸ್ವಂತ ಆಸ್ತಿ. ಸೊಪ್ರಾನೋ ಸಾಲನ್ನು ಇದ್ದ ಹಾಗೇ ನುಡಿಸಿದರೆ ಸಾಕು, ಯಾವ ಹೊಂದಾಣಿಕೆಯೂ ಬೇಡ.

ಇಷ್ಟೇ ಆದರೆ ಒಂದು ವರ್ಷಕ್ಕೂ ಸಾಲದು. ಉಳಿದದ್ದನ್ನು ಹುಡುಕುವುದು ಹೇಗೆ?

ವಾದ್ಯದ ಹೆಸರು ಹಾಕಿ ಹುಡುಕುವುದನ್ನು ನಿಲ್ಲಿಸಿ. ಧ್ವನಿಯ ವ್ಯಾಪ್ತಿ ನೋಡಿ ಹುಡುಕಿ. ಸೊಪ್ರಾನೋ ಟ್ರಾಂಬೋನ್‌ನ ಕೆಳಗಿನ ಸ್ವರ ಮಧ್ಯ ಸಿ-ಗಿಂತ ಕೆಳಗಿನ ಇ. ಮೇಲಕ್ಕೆ ಸಾಧಾರಣ ಅಭ್ಯಾಸವಿರುವವರು ಟ್ರೆಬಲ್ ಕ್ಲೆಫ್‌ನ ಮೇಲಿನ ಗೆರೆಯ ಎಫ್ ಅಥವಾ ಅದರ ಮೇಲಿನ ಜಿ-ವರೆಗೆ ನೆಮ್ಮದಿಯಾಗಿ ಹೋಗುತ್ತಾರೆ, ಬಲ್ಲವರು ಅದರಾಚೆಯ ಬಿ-ಫ್ಲಾಟ್‌ವರೆಗೂ. ಹೆಚ್ಚುಕಡಿಮೆ ಸೊಪ್ರಾನೋ ಗಾಯಕಿಯ ವ್ಯಾಪ್ತಿಯೇ ಇದು. ಆ ವ್ಯಾಪ್ತಿಯಲ್ಲಿ, ಹಾಡುವ ಹಾಗೆ ಬರೆದ ಯಾವ ಸಾಲಾದರೂ ನಿಮ್ಮದೇ.

ಇದರಲ್ಲಿ ದೊಡ್ಡ ಖಜಾನೆ ಕಾರ್ನೆಟ್ಟೋ ಎಂಬ ವಾದ್ಯದ್ದು. ಬಾಗಿದ ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಕೊಳಲಿನಂತೆ ಬೆರಳಿನ ರಂಧ್ರಗಳು, ಆದರೆ ಊದುವುದು ಟ್ರಂಪೆಟ್‌ನಂತೆ ತುಟಿ ನಡುಗಿಸಿ. ಹದಿನಾರು, ಹದಿನೇಳನೇ ಶತಮಾನದಲ್ಲಿ ಮನುಷ್ಯನ ಕಂಠಕ್ಕೆ ತೀರಾ ಹತ್ತಿರದ ವಾದ್ಯ ಎಂದು ಇದನ್ನು ಕೊಂಡಾಡಿದರು. ಟ್ರಾಂಬೋನ್‌ಗಳ ಮೇಳದಲ್ಲಿ ಮೇಲಿನ ಧ್ವನಿ ಇದರದೇ ಆಗಿತ್ತು. ಸೊಪ್ರಾನೋ ಟ್ರಾಂಬೋನ್ ಆ ಜಾಗಕ್ಕೆ ಸಹಜವಾಗಿ ಕೂರುತ್ತದೆ. ಹುಡುಕುವಾಗ ಇದನ್ನು ಈಗಿನ ಬ್ರಾಸ್ ಬ್ಯಾಂಡ್‌ನ ಕಾರ್ನೆಟ್ ಜೊತೆ ಬೆರೆಸಿಕೊಳ್ಳಬೇಡಿ. ಜರ್ಮನ್ ಪುಸ್ತಕಗಳಲ್ಲಿ ಇದರ ಹೆಸರು ‘ಜಿಂಕ್’, ಆ ಹೆಸರಲ್ಲೂ ಒಮ್ಮೆ ಹುಡುಕಿ.

ಬಾಖ್‌ನಲ್ಲೇ ನೋಡುವುದಾದರೆ 4, 25, 64, 101, 121ನೇ ಕಂಟಾಟಾಗಳಲ್ಲಿ ಒಂದು ಕಾರ್ನೆಟ್ಟೋ, ಮೂರು ಟ್ರಾಂಬೋನ್ ಇವೆ. ಮೂರಿದ್ದ ಪಟ್ಟಿ ಎಂಟಕ್ಕೆ ಏರಿತು.

ಇನ್ನು ಇಟಲಿ. ಡಾರಿಯೋ ಕಸ್ತೆಲ್ಲೋನ ಸೊನಾಟಾಗಳ ಎರಡನೇ ಪುಸ್ತಕ (1629) ಶುರುವಾಗುವುದೇ ‘ಸೊಪ್ರಾನ್ ಸೋಲೋ’ ಎಂದು ಗುರುತಿಸಿದ ಎರಡು ಸೊನಾಟಾಗಳಿಂದ. ಇಂಥದೇ ವಾದ್ಯ ಎಂದು ಆತ ಹೇಳುವುದಿಲ್ಲ, ಸೊಪ್ರಾನೋ ಎತ್ತರದ್ದಾದರೆ ಆಯಿತು. ಜಿರೋಲಾಮೋ ಫ್ರೆಸ್ಕೊಬಾಲ್ದಿ 1628ರಲ್ಲಿ ಪ್ರಕಟಿಸಿದ ಕ್ಯಾನ್‌ಜೋನಾ (ಹಾಡಿನ ಶೈಲಿಯ ವಾದ್ಯಕೃತಿ) ಪುಸ್ತಕವೂ ಎಲ್ಲ ಬಗೆಯ ವಾದ್ಯಗಳಿಗೆ ಎಂದೇ ಹೊರಬಂದದ್ದು, ಅದರಲ್ಲಿ ಒಂಟಿ ಮೇಲ್ದನಿಗೆ ಬರೆದವು ಹಲವು. ಜೊವಾನ್ನಿ ಬಾತ್ತಿಸ್ತಾ ಫೊಂತಾನಾನ ಸೊನಾಟಾಗಳು (1641) ವಯೊಲಿನ್ ಅಥವಾ ಕಾರ್ನೆಟ್ಟೋ ಎನ್ನುತ್ತವೆ. ವಾದ್ಯದ ಆಯ್ಕೆಯನ್ನು ನುಡಿಸುವವರಿಗೆ ಬಿಟ್ಟುಕೊಟ್ಟ ಕಾಲ ಅದು. ನಾವು ಅವರಿಂದ ಕದಿಯುತ್ತಿಲ್ಲ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದೇವೆ.

ಕಸ್ತೆಲ್ಲೋನಲ್ಲಿ ವೇಗದ ಭಾಗಗಳು ನಿಜಕ್ಕೂ ಕಠಿಣ, ಸ್ಲೈಡ್‌ಗಂತೂ ಇನ್ನೂ ಕಠಿಣ. ಮೊದಲು ಅವನ ನಿಧಾನದ ಭಾಗಗಳನ್ನಷ್ಟೇ ಬಿಡಿಸಿ ನುಡಿಸಿ. ಫ್ರೆಸ್ಕೊಬಾಲ್ದಿ ಹೆಚ್ಚು ಸೌಮ್ಯ, ಆತನಿಂದ ಶುರುಮಾಡುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ.

ನಾವು ನಾಲ್ಕೈದು ಜನ ಇದ್ದೇವೆ. ಏನು ನುಡಿಸಬಹುದು?

ಹಾಗಿದ್ದರೆ ನೀವು ಭಾಗ್ಯವಂತರು. ಗಾಟ್‌ಫ್ರೀಡ್ ರೈಖೆಯ 24 ಕ್ವಾತ್ರಿಚೀನಿಯಾಗಳಿಂದ ಶುರುಮಾಡಿ. ರೈಖೆ ಲೈಪ್‌ಜಿಗ್ ನಗರದ ವಾದಕ, ಮುಂದೆ ಬಾಖ್‌ನ ಮುಖ್ಯ ಟ್ರಂಪೆಟ್‌ಗಾರನಾದವನು. 1696ರಲ್ಲಿ ಪ್ರಕಟವಾದ ಈ ಸಂಗ್ರಹದ ಪ್ರತಿ ಕೃತಿಯೂ ಒಂದು ಕಾರ್ನೆಟ್ಟೋ, ಮೂರು ಟ್ರಾಂಬೋನ್‌ಗೆ ಬರೆದದ್ದು. ಗೋಪುರದ ಮೇಲಿಂದ ಊರಿಗೆ ಕೇಳುವಂತೆ ನುಡಿಸುವ ಸಂಗೀತವಾದ್ದರಿಂದ ಕೃತಿಗಳು ಚಿಕ್ಕವು, ಸಾಲುಗಳು ಸ್ಪಷ್ಟ, ಉಸಿರಿಗೆ ಜಾಗ ಇದೆ. ಮೇಲಿನ ಸಾಲಿಗೆ ಸೊಪ್ರಾನೋ ಟ್ರಾಂಬೋನ್ ಬಂದರೆ ನಾಲ್ಕೂ ಧ್ವನಿ ಒಂದೇ ಕುಟುಂಬದ್ದಾಗುತ್ತದೆ, ಮೇಳ ಒಂದೇ ಕಂಠದಿಂದ ಹೊರಟಂತೆ ಕೇಳುತ್ತದೆ. ಆಲ್ಟೋ ಟ್ರಾಂಬೋನ್ ಇಲ್ಲದಿದ್ದರೆ ಚಿಂತೆಯಿಲ್ಲ, ಎರಡನೇ ಸಾಲನ್ನು ಟೆನರ್‌ನಲ್ಲೇ ಮೇಲಿನ ಸ್ಥಾಯಿಯಲ್ಲಿ ನಿಭಾಯಿಸಬಹುದು.

ಐದು ಜನರಿದ್ದರೆ ಯೊಹಾನ್ ಪೆಟ್ಸೆಲ್. ಅವನ ‘ಹೋರಾ ಡೆಸಿಮಾ’ (1670) ಸಂಗ್ರಹದಲ್ಲಿ 40 ಸೊನಾಟಾಗಳಿವೆ. ಬೆಳಿಗ್ಗೆ ಹತ್ತು ಗಂಟೆಗೆ ಲೈಪ್‌ಜಿಗ್‌ನ ಪುರಭವನದ ಗೋಪುರದಿಂದ ನುಡಿಸುತ್ತಿದ್ದ ರೂಢಿಯಿಂದಲೇ ಆ ಹೆಸರು. 1685ರ ಇನ್ನೊಂದು ಸಂಗ್ರಹ ಎರಡು ಕಾರ್ನೆಟ್ಟೋ, ಮೂರು ಟ್ರಾಂಬೋನ್‌ಗೆ. ಇಂಗ್ಲೆಂಡಿನ ಮ್ಯಾಥ್ಯೂ ಲಾಕ್ 1661ರ ಹೊತ್ತಿಗೆ ಎರಡನೇ ಚಾರ್ಲ್ಸ್ ದೊರೆಯ ವಾದಕರಿಗೆ ಬರೆದದ್ದೂ ಇಂಥದೇ ಮೇಳಕ್ಕೆ.

ಎಂಟು ಜನ ಸೇರುವ ಪುಣ್ಯ ಬಂದರೆ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಪ್ರಕಟಿಸಿದ ‘ಸೊನಾಟಾ ಪಿಯಾನ್ ಎ ಫೋರ್ತೆ’. ಎರಡು ಗುಂಪು ಎದುರುಬದುರು, ಒಂದರ ಮೇಲ್ದನಿ ಕಾರ್ನೆಟ್ಟೋ. ಮೆಲ್ಲಗೆ, ಜೋರಾಗಿ ಎಂದು ಪುಟದ ಮೇಲೆ ಅಚ್ಚಾದ ಮೊದಮೊದಲ ಕೃತಿಗಳಲ್ಲಿ ಇದೊಂದು.

ಹೆನ್ರಿ ಪರ್ಸೆಲ್ 1695ರಲ್ಲಿ ರಾಣಿ ಮೇರಿಯ ಶವಸಂಸ್ಕಾರಕ್ಕೆ ಬರೆದ ಮಾರ್ಚ್ ಮತ್ತು ಕ್ಯಾನ್‌ಜೋನಾವನ್ನು ಬಿಡಬೇಡಿ. ನಾಲ್ಕು ‘ಫ್ಲಾಟ್ ಟ್ರಂಪೆಟ್’ಗಳಿಗೆ ಬರೆದದ್ದು. ಅವೂ ಸ್ಲೈಡ್ ಇದ್ದ ಟ್ರಂಪೆಟ್‌ಗಳೇ. ಮಾರ್ಚ್ ಒಂದು ಪುಟವೂ ಆಗದಷ್ಟು ಚಿಕ್ಕದು, ತೂಕ ಬಹಳ.

ಬೀಥೋವನ್ 1812ರಲ್ಲಿ ಲಿಂಟ್ಸ್‌ನಲ್ಲಿ ನಾಲ್ಕು ಟ್ರಾಂಬೋನ್‌ಗೆ ಬರೆದ ಮೂರು ‘ಎಕ್ವಾಲೆ’ಗಳ ಮೇಲಿನ ಸಾಲು ಆಲ್ಟೋದ್ದು. ಸೊಪ್ರಾನೋದಲ್ಲಿ ಅದು ನೆಮ್ಮದಿಯಾಗಿ ಬರುತ್ತದೆ. ಅವನ್ನು ಬರೆಸಿದ ಚರ್ಚಿನ ಸಂಗೀತ ನಿರ್ದೇಶಕ ಗ್ಲೊಗ್ಲ್‌ನ ಹಳೆಯ ವಾದ್ಯಗಳ ಸಂಗ್ರಹದಲ್ಲಿ ಒಂದು ಸೊಪ್ರಾನೋ ಟ್ರಾಂಬೋನೂ ಇತ್ತು ಎಂದು ಅವನ ಮಗ ನೆನಪಿಸಿಕೊಂಡಿದ್ದಾನೆ. 1827ರಲ್ಲಿ ಬೀಥೋವನ್‌ನ ಅಂತಿಮಯಾತ್ರೆಯಲ್ಲೂ ನುಡಿಸಿದ್ದು ಈ ಸಂಗೀತವನ್ನೇ.

ನಾನು ಒಬ್ಬಳೇ ಅಭ್ಯಾಸ ಮಾಡುವುದು. ಯಾವ ಪುಸ್ತಕ ಹಿಡಿಯಲಿ?

ಟ್ರಾಂಬೋನ್‌ನವರೆಲ್ಲರ ಮನೆಯಲ್ಲೂ ಇರುವ ಒಂದು ಪುಸ್ತಕ ಯೊಹಾನೆಸ್ ರೋಶೂ 1928ರಲ್ಲಿ ಹೊರತಂದ ಇಂಪಾದ ಅಭ್ಯಾಸಗಳ ಸಂಗ್ರಹ. ಅವು ಮೂಲದಲ್ಲಿ ಟ್ರಾಂಬೋನ್‌ನದಲ್ಲ. ಮಾರ್ಕೋ ಬೊರ್ದೋನ್ಯಿ ಎಂಬ ಇಟಲಿಯ ಗಾಯಕ ತನ್ನ ಶಿಷ್ಯರಿಗೆ ಬರೆದ ಗಾಯನ ಅಭ್ಯಾಸಗಳು, ರೋಶೂ ಅವನ್ನು ಬಾಸ್ ಕ್ಲೆಫ್‌ಗೆ ಇಳಿಸಿದ. ನಿಮ್ಮ ವಾದ್ಯಕ್ಕೆ ಆ ಇಳಿಕೆ ಬೇಕಿಲ್ಲ! ಬೊರ್ದೋನ್ಯಿಯ ಮೂಲ ಪುಸ್ತಕವನ್ನೇ ತೆಗೆದುಕೊಂಡು ಟ್ರೆಬಲ್ ಕ್ಲೆಫ್‌ನಲ್ಲಿ, ಪಿಯಾನೋ ಸಾಥ್‌ನ ಸಮೇತ ನುಡಿಸಬಹುದು. ನಿಕೋಲಾ ವಕ್ಕಾಯಿಯ ಗಾಯನ ಪಾಠಗಳೂ ಹಾಗೆಯೇ. ಮೊದಲ ಪಾಠಗಳು ತೀರಾ ಸುಲಭ, ಒಂದೊಂದೂ ಒಂದೊಂದು ಅಂತರವನ್ನು ಅಭ್ಯಾಸ ಮಾಡಿಸುತ್ತದೆ. ಸ್ಲೈಡ್‌ನ ಕೈಗೆ ಬೇಕಾದ್ದೂ ಅದೇ.

ಸಾಥ್ ಇಲ್ಲದೆ ಒಂಟಿಯಾಗಿ ನುಡಿಸಲು ಜೊವಾನ್ನಿ ಬಸ್ಸಾನೋ 1585ರಲ್ಲಿ ವೆನಿಸ್‌ನಲ್ಲಿ ಪ್ರಕಟಿಸಿದ ಎಂಟು ರಿಚೆರ್ಕಾತಾಗಳಿವೆ. ಕಠಿಣ, ಆದರೆ ವರ್ಷಗಟ್ಟಲೆ ಜೊತೆಗಿಟ್ಟುಕೊಳ್ಳುವಂಥವು.

ಆರ್ಬನ್‌ನ ದಪ್ಪ ಪುಸ್ತಕ (1864) ಟ್ರಂಪೆಟ್‌ನವರ ವೇದ. ಅದರ ಮೊದಲ ಭಾಗದ ತಾಳದ ಪಾಠಗಳು, ಅಂತರದ ಪಾಠಗಳು ಚೆನ್ನಾಗಿ ಒಗ್ಗುತ್ತವೆ. ವೇಗದ ಅಲಂಕಾರಗಳ ಭಾಗ ಬೆರಳಿನಿಂದ ಒತ್ತುವ ವಾಲ್ವ್‌ಗೆಂದೇ ಹುಟ್ಟಿದ್ದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಟ್ರಂಪೆಟ್‌ನ ಎತ್ತರವೇ ಅಲ್ಲವಾ? ಟ್ರಂಪೆಟ್ ಕೃತಿಗಳನ್ನೇ ನುಡಿಸಿದರೆ ಏನು?

ಸ್ವರಗಳು ಸಿಗುತ್ತವೆ, ಸಂಗೀತ ಕೆಡುತ್ತದೆ. ಹೈಡನ್‌ನ 1796ರ ಕಾನ್ಸರ್ಟೋ ಕೀಲಿಗಳಿದ್ದ ಟ್ರಂಪೆಟ್‌ಗೆ ಬರೆದದ್ದು, ಅದರ ಓಟ, ಟ್ರಿಲ್ ಎಲ್ಲ ಬೆರಳಿನ ಕೆಲಸ. ಅದನ್ನು ಸ್ಲೈಡ್‌ನಲ್ಲಿ ತೋರಿಸುವುದು ಸಾಹಸವಾಗುತ್ತದೆ, ಕೇಳುವವರಿಗೆ ಹೈಡನ್ ಕೇಳುವುದಿಲ್ಲ. ನಿಧಾನದ ಎರಡನೇ ಚಲನೆಯನ್ನು ಮಾತ್ರ ಧಾರಾಳವಾಗಿ ನುಡಿಸಿ.

ಒಂದು ಪುಟ ನೋಡಿದ ಕೂಡಲೇ ಇದು ಕೈಗೆ ಬರುತ್ತದೋ ಇಲ್ಲವೋ ಹೇಳುವುದು ಹೇಗೆ?

ಪೊಸಿಷನ್‌ಗಳ ಲೆಕ್ಕ ತಿಳಿದರೆ ಹೇಳಬಹುದು. ಕೆಳಗಿನ ಬಿ-ಫ್ಲಾಟ್‌ನಿಂದ ಮೇಲಿನ ಬಿ-ಫ್ಲಾಟ್‌ವರೆಗಿನ ಸ್ಕೇಲ್ ನೋಡಿ. ಬಿ-ಫ್ಲಾಟ್ ಒಂದನೇ ಪೊಸಿಷನ್, ಸಿ ಆರನೆಯದು, ಡಿ ನಾಲ್ಕು, ಇ-ಫ್ಲಾಟ್ ಮೂರು, ಎಫ್ ಒಂದು, ಜಿ ನಾಲ್ಕು, ಎ ಎರಡು, ಬಿ-ಫ್ಲಾಟ್ ಒಂದು. ಮೊದಲ ಎರಡು ಸ್ವರಗಳ ನಡುವೆಯೇ ಕೈ ಒಂದರಿಂದ ಆರಕ್ಕೆ ಹಾರಬೇಕು. ಮಧ್ಯ ಸಿ ಮತ್ತು ಅದರ ಕೆಳಗಿನ ಬಿ-ಫ್ಲಾಟ್ ನಡುವೆ ವೇಗವಾಗಿ ಓಡಾಡುವ ಸಾಲು ಕಂಡರೆ ಆ ಕೃತಿಯನ್ನು ಪಕ್ಕಕ್ಕಿಡಿ, ಇಲ್ಲವೇ ಬೇರೆ ಕೀಗೆ ಎತ್ತಿ. ಬಿ-ಫ್ಲಾಟ್ ಮತ್ತು ಅದರ ಮೇಲಿನ ಬಿ ಇನ್ನೂ ಕಷ್ಟ, ಒಂದರಿಂದ ಏಳಕ್ಕೆ.

ಮೇಲೆ ಹೋದಂತೆ ಬದುಕು ಹಗುರ. ಟ್ರೆಬಲ್ ಕ್ಲೆಫ್‌ನ ನಾಲ್ಕನೇ ಗೆರೆಯ ಡಿ-ಯಿಂದ ಮೇಲೆ ಹೆಚ್ಚಿನ ಸ್ವರಗಳು ಎರಡು ಮೂರು ಕಡೆ ಸಿಗುತ್ತವೆ, ಮೊದಲ ನಾಲ್ಕು ಪೊಸಿಷನ್‌ಗಳಲ್ಲೇ ಮುಗಿಯುತ್ತವೆ. ಆದ್ದರಿಂದ ಸಾಲಿನ ಬಹುಪಾಲು ಮಧ್ಯ ಸಿ-ಯ ಸುತ್ತಲೇ ಸುಳಿಯುತ್ತಿದ್ದರೆ ಕೃತಿ ಕಷ್ಟ, ಅದರ ಮೇಲಿನ ಎಫ್-ನಿಂದ ಆಚೆಗೆ ನೆಲೆಸಿದ್ದರೆ ಸುಲಭ. ಟ್ರಂಪೆಟ್‌ನವರು ಕೆಳಗಿನ ಸ್ವರ ಸುಲಭ ಎಂದು ನಂಬಿರುತ್ತಾರೆ, ಇಲ್ಲಿ ಆ ನಂಬಿಕೆ ಬಿಡಬೇಕು.

ಇನ್ನೊಂದು ಮಾತು ಲೆಗಾಟೋ, ಅಂದರೆ ಸ್ವರಗಳನ್ನು ಕಡಿಯದೆ ಕೂಡಿಸಿ ನುಡಿಸುವುದರ ಬಗ್ಗೆ. ಸ್ಲೈಡ್ ಅಲುಗಿಸದೆ ತುಟಿಯ ಬಿಗಿತದಿಂದಲೇ ಸಿಗುವ ಒಂದೊಂದು ಸ್ವರದ ಮೆಟ್ಟಿಲಿಗೆ ಹಾರ್ಮೋನಿಕ್ ಎನ್ನುತ್ತಾರೆ. ಒಂದೇ ಹಾರ್ಮೋನಿಕ್‌ನ ಎರಡು ಸ್ವರಗಳನ್ನು ನಾಲಿಗೆ ತಾಗಿಸದೆ ಕೂಡಿಸಿದರೆ ನಡುವಿನ ಜಾರು ಕೇಳಿಸಿಬಿಡುತ್ತದೆ. ಉದ್ದನೆಯ ಸ್ಲರ್‌ಗಳಿರುವ (ಕೂಡಿಸಿ ನುಡಿಸಿ ಎನ್ನುವ ಬಾಗುಗೆರೆಗಳಿರುವ) ಪುಟದಲ್ಲಿ ಪ್ರತಿ ಜೋಡಿಗೂ ‘ದ’ ಎಂಬಷ್ಟು ಮೆತ್ತಗೆ ನಾಲಿಗೆ ಬೇಕು.

ಎಷ್ಟು ಅಭ್ಯಾಸ ಮಾಡಿದರೂ ಶ್ರುತಿ ನಿಲ್ಲುತ್ತಿಲ್ಲ. ಕೃತಿ ಬದಲಿಸಲೇ?

ಬಹುಶಃ ಹೌದು, ಸ್ವಲ್ಪ ಕಾಲದ ಮಟ್ಟಿಗೆ. ಟೆನರ್ ಟ್ರಾಂಬೋನ್‌ನಲ್ಲಿ ಒಂದರಿಂದ ಎರಡನೇ ಪೊಸಿಷನ್‌ಗೆ ಸುಮಾರು ಎಂಟೂಮುಕ್ಕಾಲು ಸೆಂಟಿಮೀಟರ್, ಇಲ್ಲಿ ಅದರ ಅರ್ಧ. ಸ್ಲೈಡ್ ನಾಲ್ಕು ಮಿಲಿಮೀಟರ್ ತಪ್ಪಿದರೆ ಟೆನರ್‌ನಲ್ಲಿ ಶ್ರುತಿ ಐದು ಸೆಂಟ್‌ನಷ್ಟು ಹೋಗುತ್ತದೆ, ಸೊಪ್ರಾನೋದಲ್ಲಿ ಒಂಬತ್ತು ಸೆಂಟ್. ಅರ್ಧಸ್ವರ ಅಂದರೆ ನೂರು ಸೆಂಟ್. ಅಷ್ಟು ಸಣ್ಣ ತಪ್ಪೂ ಈ ಎತ್ತರದಲ್ಲಿ ಕಿವಿಗೆ ಚುಚ್ಚುತ್ತದೆ. ಅದಕ್ಕೇ ನಾನು ದೀರ್ಘ ಸ್ವರಗಳ ಕೋರಾಲ್‌ಗಳನ್ನು ಇಷ್ಟು ಒತ್ತಿ ಹೇಳುತ್ತಿರುವುದು: ಸ್ವರ ನಿಂತಿರುವಾಗ ಕಿವಿಗೆ ಕೇಳಲು ಸಮಯ ಸಿಗುತ್ತದೆ, ಕೈಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಅದರ ಮೇಲೆ ನುಡಿಸಿ, ಟ್ಯೂನರ್‌ನ ಮುಳ್ಳು ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಐದನೇ ಹಾರ್ಮೋನಿಕ್‌ನ ಸ್ವರಗಳು ಸ್ವಭಾವತಃ ಸ್ವಲ್ಪ ಇಳಿದಿರುತ್ತವೆ. ಆದ್ದರಿಂದ ಸಿ, ಬಿ ಸ್ವರಗಳಿಗೆ ಸ್ಲೈಡನ್ನು ಕೂದಲೆಳೆಯಷ್ಟು ಒಳಗೆ ಹಿಡಿಯಿರಿ.

ನನ್ನ ಪಾರ್ಟ್ ಪಿಯಾನೋ ಜೊತೆ ಹೊಂದುತ್ತಿಲ್ಲ, ಒಂದು ಸ್ವರ ಕೆಳಗೆ ಕೇಳುತ್ತದೆ. ಏಕೆ?

ನೀವು ಟ್ರಂಪೆಟ್‌ನವರ ಪದ್ಧತಿಯಲ್ಲಿ ಓದುತ್ತಿದ್ದೀರಿ, ಪುಟದಲ್ಲಿರುವುದು ನಿಜ ಶ್ರುತಿಯ ಸಾಲು. ಬಿ-ಫ್ಲಾಟ್ ಟ್ರಂಪೆಟ್‌ಗೆ ಸಿ ಎಂದು ಬರೆದರೆ ಕೇಳುವುದು ಬಿ-ಫ್ಲಾಟ್. ಗಾಯನ, ಕಾರ್ನೆಟ್ಟೋ, ವಯೊಲಿನ್ ಸಾಲುಗಳೆಲ್ಲ ನಿಜ ಶ್ರುತಿಯಲ್ಲಿರುತ್ತವೆ. ಎರಡು ದಾರಿ ಇವೆ. ಮ್ಯೂಸ್‌ಸ್ಕೋರ್‌ನಂಥ ಉಚಿತ ತಂತ್ರಾಂಶದಲ್ಲಿ ಸಾಲನ್ನು ಬರೆದು ವಾದ್ಯವನ್ನು ಬಿ-ಫ್ಲಾಟ್ ಟ್ರಂಪೆಟ್ ಎಂದು ಆರಿಸಿದರೆ ಅದೇ ಒಂದು ಸ್ವರ ಎತ್ತಿಕೊಡುತ್ತದೆ. ಇಲ್ಲವೇ ಟ್ರಾಂಬೋನ್‌ನವರಂತೆ ನಿಜ ಶ್ರುತಿಯಲ್ಲೇ ಓದಲು ಕಲಿಯುವುದು. ನಾನು ಹೇಳುವುದು ಎರಡನೆಯದನ್ನು. ಮೊದಲ ಕೆಲವು ವಾರ ತಡಕಾಟ, ಆಮೇಲೆ ಜಗತ್ತಿನ ಇಡೀ ಗಾಯನ ಸಾಹಿತ್ಯ ತೆರೆದ ಪುಸ್ತಕ.

ಕರ್ನಾಟಕ ಸಂಗೀತ ನುಡಿಸಬಹುದೇ?

ಖಂಡಿತ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕಛೇರಿ ವೇದಿಕೆಗೆ ತಂದ ಕದ್ರಿ ಗೋಪಾಲನಾಥರ ನಾಡು ನಮ್ಮದು. ಆದರೆ ಆಧಾರ ಶ್ರುತಿಯನ್ನು ಲೆಕ್ಕ ಹಾಕಿ ಆರಿಸಬೇಕು.

ಸರಳೆ ವರಸೆಯ ಮಾಯಾಮಾಳವಗೌಳವನ್ನೇ ನೋಡೋಣ. ವಾದ್ಯ ಬಿ-ಫ್ಲಾಟ್‌ನದು ಎಂದು ಷಡ್ಜವನ್ನು ಅಲ್ಲೇ ಇಟ್ಟರೆ ಷಡ್ಜ ಒಂದನೇ ಪೊಸಿಷನ್, ಶುದ್ಧ ರಿಷಭ ಏಳನೆಯದು. ಸ-ರಿ ಎನ್ನುವಷ್ಟರಲ್ಲಿ ಸ್ಲೈಡ್ ಪೂರ್ತಿ ಹೊರಗೆ ಹೋಗಬೇಕು, ಎರಡನೇ ಕಾಲದಲ್ಲಿ ಅಸಾಧ್ಯ. ಷಡ್ಜವನ್ನು ಮಧ್ಯ ಸಿ-ಗೆ, ಹಾರ್ಮೋನಿಯಂನವರ ಬಿಳಿ ಒಂದಕ್ಕೆ ತನ್ನಿ. ಆಗ ಸ ರಿ ಗ ಮ ಪ ದ ನಿ ಸ ಎಂಬುದು ಆರು, ಐದು, ಎರಡು, ಒಂದು, ನಾಲ್ಕು, ಮೂರು, ನಾಲ್ಕು, ಮೂರು. ಎಲ್ಲಿಯೂ ದೊಡ್ಡ ಹಾರಾಟವಿಲ್ಲ. ಇನ್ನೂ ಒಳ್ಳೆಯದು, ಸ ಮತ್ತು ರಿ ಒಂದೇ ಹಾರ್ಮೋನಿಕ್‌ನ ಅಕ್ಕಪಕ್ಕದ ಪೊಸಿಷನ್‌ಗಳು. ರಿಷಭದ ಕಂಪನವನ್ನು ಮಣಿಕಟ್ಟಿನ ಸಣ್ಣ ಅಲುಗಾಟದಲ್ಲೇ, ಎಲ್ಲೂ ಕಡಿಯದೆ ತರಬಹುದು. ಪ-ದ ಜೋಡಿಯೂ ಹಾಗೆಯೇ. ಪಾಶ್ಚಾತ್ಯ ಸಂಗೀತದಲ್ಲಿ ಕಷ್ಟಪಟ್ಟು ಮರೆಸಬೇಕಾದ ಜಾರು ಇಲ್ಲಿ ರಾಗದ ಜೀವವಾಗುತ್ತದೆ. ಈ ವಾದ್ಯದ ಮೇಲೆ ನನಗಿರುವ ಪ್ರೀತಿಯಲ್ಲಿ ಬಹುಪಾಲು ಹುಟ್ಟಿದ್ದು ಆ ಒಂದು ರಿಷಭದಿಂದ.

ಹಾರ್ಮೋನಿಕ್ ಬದಲಾಗುವ ಕಡೆ, ಉದಾಹರಣೆಗೆ ಮ-ಪ ನಡುವೆ, ಜಾರು ಬರುವುದಿಲ್ಲ. ಆದ್ದರಿಂದ ಮಧ್ಯಮದಿಂದ ಪಂಚಮಕ್ಕೆ ಎಳೆದುಕೊಂಡು ಹೋಗುವ ಪ್ರಯೋಗಗಳೇ ಹೆಚ್ಚಿರುವ ಕೃತಿಗಳನ್ನು ಬೇರೆ ಷಡ್ಜದಲ್ಲಿ ಯೋಚಿಸಬೇಕು. ದೇವರನಾಮಗಳಿಂದ ಆರಂಭಿಸಿ, ವರ್ಣ ಆಮೇಲೆ.

ಜಾಝ್‌ನಲ್ಲಿ?

ಲೂಯಿ ಆರ್ಮ್‌ಸ್ಟ್ರಾಂಗ್ 1920ರ ದಶಕದಲ್ಲಿ ಕಿಂಗ್ ಆಲಿವರ್ ತಂಡದ ಜೊತೆ ಇದನ್ನು ಹಿಡಿದು ಕುಳಿತ ಚಿತ್ರವೊಂದಿದೆ. ಇವತ್ತು ಕೇಳಲೇಬೇಕಾದವರು ಸ್ಟೀವನ್ ಬರ್ನ್‌ಸ್ಟೀನ್ ಮತ್ತು ವೈಕ್ಲಿಫ್ ಗಾರ್ಡನ್. ಮೇನಾರ್ಡ್ ಫರ್ಗುಸನ್ ವಾಲ್ವ್, ಸ್ಲೈಡ್ ಎರಡೂ ಇರುವ ‘ಫೈರ್‌ಬರ್ಡ್’ ಎಂಬ ಟ್ರಂಪೆಟ್ಟನ್ನೇ ಮಾಡಿಸಿಕೊಂಡರು. ಅವರು ನಮ್ಮ ಗಡಿಯಾಚೆ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದವರು. ಜಾಝ್‌ನಲ್ಲಿ ಪುಟ ಹುಡುಕುವ ಕೆಲಸ ಕಡಿಮೆ, ಕಿವಿಯಿಂದ ಎತ್ತಿಕೊಳ್ಳುವ ಕೆಲಸ ಹೆಚ್ಚು. ನಿಧಾನದ ಬ್ಲೂಸ್‌ನಿಂದ ಶುರುಮಾಡಿ.

ಇವೆಲ್ಲ ಸ್ಕೋರ್‌ಗಳು ಉಚಿತವಾಗಿ ಸಿಗುತ್ತವೆಯೇ? ಕಾನೂನು ತೊಡಕಿಲ್ಲವೇ?

ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಮೇಲೆ ಹೇಳಿದ ಹಳೆಯ ಕೃತಿಗಳಲ್ಲಿ ಬಹುಪಾಲು ಸ್ಕ್ಯಾನ್ ಆಗಿ ಇವೆ. ಕೋರಾಲ್ ಮತ್ತು ಗಾಯನದ ಸಾಲುಗಳಿಗೆ ಸಿಪಿಡಿಎಲ್ ಎಂಬ ಜಾಲತಾಣ ಇನ್ನೂ ಅನುಕೂಲ, ಅಲ್ಲಿ ಹೆಚ್ಚಿನವು ಇಂದಿನ ಕ್ಲೆಫ್‌ನಲ್ಲೇ ಸಿಗುತ್ತವೆ. ಭಾರತದಲ್ಲಿ ಸಂಗೀತ ಕೃತಿಯ ಹಕ್ಕು ರಚನಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಹದಿನೇಳನೇ ಶತಮಾನದವರ ವಿಷಯದಲ್ಲಿ ಆ ಚಿಂತೆಯಿಲ್ಲ. ಆದರೆ ಈಚೆಗೆ ಸಂಪಾದಿಸಿ ಅಚ್ಚುಹಾಕಿದ ಆವೃತ್ತಿಗೆ, ಈಚಿನ ಅಳವಡಿಕೆಗೆ ಬೇರೆಯೇ ಹಕ್ಕಿರಬಹುದು. ಅವನ್ನು ಕೊಂಡುಕೊಳ್ಳಿ, ನಕಲು ಮಾಡಿ ಹಂಚಬೇಡಿ.

ಇದಕ್ಕಿಂತ ಚಿಕ್ಕ ಟ್ರಾಂಬೋನ್ ಇದೆಯಂತಲ್ಲ?

ಇದೆ. ಇ-ಫ್ಲಾಟ್‌ನ ಸೊಪ್ರಾನಿನೋ, ಸೊಪ್ರಾನೋಗಿಂತ ಒಂದು ಸ್ಥಾಯಿ ಮೇಲಿನ ಪಿಕೊಲೊ. ಎರಡೂ ದೊಡ್ಡ ಟ್ರಾಂಬೋನ್ ಮೇಳಗಳಲ್ಲಿ ಮಾತ್ರ ಕಾಣಸಿಗುವಂಥವು. ಪಿಕೊಲೊದಲ್ಲಿ ಏಳು ಪೊಸಿಷನ್‌ಗಳೂ 15 ಸೆಂಟಿಮೀಟರ್‌ನೊಳಗೆ ಮುಗಿಯುತ್ತವೆ. ಅದಕ್ಕೆ ಸಂಗೀತ ಹುಡುಕುವ ಮೊದಲು ಸೊಪ್ರಾನೋದಲ್ಲಿ ಶ್ರುತಿ ಗಟ್ಟಿಯಾಗಲಿ.

ಮಕ್ಕಳಿಗೆ ಕಲಿಸಬಹುದೇ?

ಟೆನರ್ ಟ್ರಾಂಬೋನ್‌ನಲ್ಲಿ ಚಿಕ್ಕ ಮಕ್ಕಳ ಕೈ ಆರು, ಏಳನೇ ಪೊಸಿಷನ್ ಮುಟ್ಟುವುದಿಲ್ಲ, ಇದರಲ್ಲಿ ಮುಟ್ಟುತ್ತದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ಟೋರ್ಬ್ಯೋರ್ನ್ ಹುಲ್ಟ್‌ಮಾರ್ಕ್ ಇದನ್ನೇ ಹೇಳುತ್ತ ಬಂದಿದ್ದಾರೆ, ಈ ವಾದ್ಯದ ಪರವಾಗಿ ಸತತವಾಗಿ ಕೆಲಸ ಮಾಡುತ್ತಿರುವ ಕೆಲವೇ ಕೆಲವರಲ್ಲಿ ಅವರೊಬ್ಬರು. ಮಕ್ಕಳಿಗೆ ಬೇರೆ ಪುಸ್ತಕ ಬೇಕಿಲ್ಲ. ಅವರಿಗೆ ಬಾಯಿಪಾಠವಾಗಿರುವ ಹಾಡುಗಳನ್ನು ಎಫ್ ಅಥವಾ ಬಿ-ಫ್ಲಾಟ್ ಕೀಯಲ್ಲಿ ಕೊಡಿ. ಹಾಡಿ ತೋರಿಸಿ, ಆಮೇಲೆ ನುಡಿಸಲಿ.

ಜೊತೆಗೆ ನುಡಿಸಲು ನಮ್ಮೂರಲ್ಲಿ ಯಾರೂ ಇಲ್ಲ. ಏನು ಮಾಡಲಿ?

ಸೊಪ್ರಾನೋ ಟ್ರಾಂಬೋನ್‌ನವರನ್ನೇ ಹುಡುಕಬೇಡಿ, ಹಾಡುವವರನ್ನು ಹುಡುಕಿ. ನಾಲ್ಕು ಧ್ವನಿಯಲ್ಲಿ ಹಾಡುವ ಚರ್ಚ್ ಕಾಯಿರ್ ಹತ್ತಿರದಲ್ಲಿದ್ದರೆ ಅಭ್ಯಾಸದ ದಿನ ಸೊಪ್ರಾನೋ ಸಾಲನ್ನು ಅವರ ಜೊತೆ ಮೆತ್ತಗೆ ನುಡಿಸಲು ಅನುಮತಿ ಕೇಳಿ. ಲೈಪ್‌ಜಿಗ್‌ನಲ್ಲಿ ಈ ವಾದ್ಯ ಮಾಡುತ್ತಿದ್ದ ಕೆಲಸವೇ ಅದು. ಗಾಯಕರ ಉಸಿರಿನ ಜಾಗಗಳಲ್ಲಿ ನೀವೂ ಉಸಿರೆಳೆಯಬೇಕು, ಅವರಿಗಿಂತ ಜೋರಾಗಬಾರದು. ಪೊಲೀಸ್ ಬ್ಯಾಂಡ್‌ನಲ್ಲೋ ಮದುವೆ ಬ್ಯಾಂಡ್‌ನಲ್ಲೋ ಟ್ರಾಂಬೋನ್ ನುಡಿಸುವವರ ಪರಿಚಯವಿದ್ದರೆ ರೈಖೆಯ ಒಂದು ಕೃತಿಯ ಕೆಳಗಿನ ಮೂರು ಸಾಲುಗಳನ್ನು ಬಾಸ್ ಕ್ಲೆಫ್‌ನಲ್ಲಿ ಬರೆದುಕೊಂಡು ಹೋಗಿ. ಓದಲು ಕಷ್ಟವಿಲ್ಲದ ಸಾಲುಗಳು ಅವು, ಒಂದು ಸಂಜೆಯಲ್ಲಿ ನುಡಿಸಿ ನೋಡಬಹುದು. ಯಾರೂ ಸಿಗದಿದ್ದರೆ ಫೋನಿನಲ್ಲಿ ಒಂದೊಂದೇ ಸಾಲು ಧ್ವನಿಮುದ್ರಿಸಿ, ಬಾಸ್ ಸಾಲನ್ನು ಕೀಬೋರ್ಡ್‌ನಲ್ಲಿ ಮೊದಲು ಹಾಕಿ, ಅದರ ಮೇಲೆ ನಿಮ್ಮ ಸಾಲು ನುಡಿಸಿ. ಶ್ರುತಿಯನ್ನು ಬಾಸ್‌ನಿಂದ ಮೇಲಕ್ಕೆ ಕಟ್ಟಿಕೊಂಡು ಬರುವ ಅಭ್ಯಾಸ ಅದರಿಂದಲೇ ಆಗುತ್ತದೆ.